ಸಿಡ್ನಿ ಶೆಲ್ಡನ್: ಟಿವಿ ಬಿಟ್ಟರೂ ಟಿವಿಯ ಕಸುಬು ಬಿಡಲಿಲ್ಲ

ನಮಸ್ಕಾರ. ನಮ್ಮ ರೈಲು ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ, ಬೆಂಗಳೂರಿನ ಬಡಾವಣೆಗಳ ಬಾಡಿಗೆ ಗ್ರಂಥಾಲಯಗಳಲ್ಲಿ ಅಮೆರಿಕದ ಕಾದಂಬರಿಕಾರ ಸಿಡ್ನಿ ಶೆಲ್ಡನ್ ಎಂಬ ಹೆಸರನ್ನು ಕಾಣದವರು ಕಡಿಮೆ. ಆದರೆ ಅವರ ಮೊದಲ ಕಾದಂಬರಿ ಪ್ರಕಟವಾದಾಗ ಅವರಿಗೆ 53 ವರ್ಷವಾಗಿತ್ತು ಎಂಬುದು ಅವರ ಓದುಗರಲ್ಲೂ ಎಷ್ಟೋ ಮಂದಿಗೆ ತಿಳಿದಿಲ್ಲ. ಟಿವಿಯ ಮಿತಿಗಳಿಂದ ಬಿಡಿಸಿಕೊಳ್ಳಲು ಅವರು ಕಾದಂಬರಿಗೆ ಬಂದರು, ಆದರೆ ಕಾದಂಬರಿಯಲ್ಲಿ ಗೆದ್ದದ್ದು ಟಿವಿಯ ಕಸುಬಿನಿಂದಲೇ ಎಂಬುದು ನನ್ನ ವಾದ.

1917ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಶೆಲ್ಡನ್ ಹಾಲಿವುಡ್‌ನಲ್ಲಿ ಚಿತ್ರಕಥೆಗೆ ಆಸ್ಕರ್, ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಟೋನಿ ಪ್ರಶಸ್ತಿ ಪಡೆದ ಮೇಲೆಯೇ ಟಿವಿಯತ್ತ ತಿರುಗಿದವರು. 1963ರಲ್ಲಿ ಆರಂಭವಾದ 'ದಿ ಪ್ಯಾಟಿ ಡ್ಯೂಕ್ ಶೋ'ದಲ್ಲಿ ಒಬ್ಬಳೇ ನಟಿ ಒಂದೇ ರೂಪದ ಇಬ್ಬರು ಸೋದರಸಂಬಂಧಿಗಳ ಪಾತ್ರ ವಹಿಸಿದಳು. ಅದರ ಕಂತುಗಳಲ್ಲಿ ಬಹುಪಾಲನ್ನು ಬರೆದವರು ಶೆಲ್ಡನ್. ಅದು ಇನ್ನೂ ನಡೆಯುತ್ತಿರುವಾಗಲೇ, 1965ರಲ್ಲಿ, ಎನ್‌ಬಿಸಿ ವಾಹಿನಿಗಾಗಿ 'ಐ ಡ್ರೀಮ್ ಆಫ್ ಜೀನಿ'ಯನ್ನು ಆರಂಭಿಸಿದರು. ಗಗನಯಾತ್ರಿಯೊಬ್ಬನಿಗೆ ಸೀಸೆಯೊಳಗಿನ ಮಾಯಾವಿನಿ ಸಿಗುವ ಆ ಹಾಸ್ಯ ಧಾರಾವಾಹಿ ಐದು ವರ್ಷ, 139 ಕಂತು ನಡೆಯಿತು. ಸೃಷ್ಟಿಕರ್ತ, ನಿರ್ಮಾಪಕ, ಲೇಖಕ ಎಂದು ತೆರೆಯ ಮೇಲೆ ತಮ್ಮ ಹೆಸರೇ ಮತ್ತೆ ಮತ್ತೆ ಬರುವುದು ಮುಜುಗರವೆನಿಸಿ ಅವರು ಎಷ್ಟೋ ಕಂತುಗಳಿಗೆ ಬೇರೆ ಹೆಸರುಗಳನ್ನು ಹಾಕಿಕೊಂಡರು. ಮುಂದೆ ಅದೇ ಹೆಸರು ಮುಖಪುಟಗಳಲ್ಲಿ ಪುಸ್ತಕದ ಶೀರ್ಷಿಕೆಗಿಂತ ದಪ್ಪಕ್ಷರದಲ್ಲಿ ಅಚ್ಚಾಯಿತೆಂಬುದು ಬೇರೆ ಮಾತು!

ಅರ್ಧ ಗಂಟೆಯ ಕಂತು ಬರೆಯುವವನಿಗೆ ವರ್ಣನೆಗೆ ಪುರುಸೊತ್ತಿರುವುದಿಲ್ಲ. ಜಾಹೀರಾತು ಬರುವ ಮುನ್ನ ಕಥೆ ಎಲ್ಲಾದರೂ ಸಿಕ್ಕಿಕೊಳ್ಳಬೇಕು, ಇಲ್ಲವಾದರೆ ನೋಡುವವನು ಬೇರೆ ವಾಹಿನಿಗೆ ಹೋಗಿಬಿಡುತ್ತಾನೆ. ಪಾತ್ರ ಎಂಥದ್ದೆಂಬುದು ಅದು ಆಡುವ ಮಾತಿನಿಂದ, ಮಾಡುವ ಕೆಲಸದಿಂದ ತಿಳಿಯಬೇಕೇ ಹೊರತು ಅದರ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಹೇಳಲು ಅಲ್ಲಿ ದಾರಿಯಿಲ್ಲ. 'ಜೀನಿ'ಯ ಕೊನೆಯ ದಿನಗಳಲ್ಲಿ ಶೆಲ್ಡನ್‌ಗೆ ಹೊಳೆದ ಕಥೆ ಇಲ್ಲಿಯೇ ತಡೆಯಿತು. ಅದರ ನಾಯಕ ಮನೋವಿಶ್ಲೇಷಕ, ಅಂದರೆ ರೋಗಿಗಳನ್ನು ಮಾತನಾಡಿಸಿ ಅವರ ಮನಸ್ಸಿಗೆ ಚಿಕಿತ್ಸೆ ಮಾಡುವ ವೈದ್ಯ. ಅವನ ಆಲೋಚನೆಯೇ ಕಥೆಯ ತಿರುಳಾದ್ದರಿಂದ ನಾಟಕಕ್ಕೋ ತೆರೆಗೋ ಅದು ಒಗ್ಗದು ಎಂದುಕೊಂಡು ಅವರು ಕಾದಂಬರಿಗೆ ಕೈಹಾಕಿದರು. ಹೀಗೆ 1970ರಲ್ಲಿ ಬಂದದ್ದು 'ದಿ ನೇಕೆಡ್ ಫೇಸ್'.

ಆದರೆ ಆ ಪುಸ್ತಕದಲ್ಲಿ ಆಗುವುದೇನು? ವೈದ್ಯನ ಹಳದಿ ಮಳೆಯಂಗಿ ತೊಟ್ಟು ಹೊರಟ ರೋಗಿಯೊಬ್ಬ ಮೊದಲಿಗೇ ಕೊಲೆಯಾಗುತ್ತಾನೆ, ಹಿಂದೆಯೇ ವೈದ್ಯನ ಸಹಾಯಕಿ ಕೊಲೆಯಾಗುತ್ತಾಳೆ, ಪೊಲೀಸರು ವೈದ್ಯನನ್ನೇ ಅನುಮಾನಿಸುತ್ತಾರೆ. ಮನಸ್ಸಿನೊಳಗೆ ಇಳಿಯಬೇಕಿದ್ದ ಕಥೆ ಕೆಲವೇ ಪುಟಗಳಲ್ಲಿ ಬೆನ್ನಟ್ಟುವಿಕೆಯ ಕಥೆಯಾಗುತ್ತದೆ. ಅದು ಸೊಗಸಾಗಿಯೇ ಓಡುತ್ತದೆ, ಒಪ್ಪುತ್ತೇನೆ. ಅಮೆರಿಕದಲ್ಲಿ ಪತ್ತೇದಾರಿ ಬರಹಗಳಿಗೆ ಕೊಡುವ ಎಡ್ಗರ್ ಪ್ರಶಸ್ತಿಗೆ, ಮೊದಲ ಕಾದಂಬರಿಗಳ ವಿಭಾಗದಲ್ಲಿ, ಅದು ನಾಮನಿರ್ದೇಶನಗೊಂಡದ್ದೂ ನ್ಯಾಯವೇ.

1973ರ 'ದಿ ಅದರ್ ಸೈಡ್ ಆಫ್ ಮಿಡ್‌ನೈಟ್'ನಲ್ಲಿ ಈ ಕಸುಬು ಪೂರ್ಣವಾಗಿ ಪಳಗಿದೆ. ಅಥೆನ್ಸ್‌ನ ಕೊಲೆ ವಿಚಾರಣೆಯೊಂದನ್ನು ಆರಂಭದಲ್ಲೇ ತೋರಿಸಿ, ಫ್ರಾನ್ಸಿನ ಮಾರ್ಸೆಯ ನೋಯೆಲ್ ಮತ್ತು ಷಿಕಾಗೋದ ಕ್ಯಾಥರೀನ್ ಎಂಬ ಇಬ್ಬರು ಹೆಣ್ಣುಗಳ ಬದುಕನ್ನು ಸರದಿಯ ಮೇಲೆ ಹೇಳುತ್ತಾ, ಒಬ್ಬಳು ಆಪತ್ತಿನ ಅಂಚಿಗೆ ಬಂದ ಕೂಡಲೇ ಇನ್ನೊಬ್ಬಳ ಬಳಿಗೆ ನಮ್ಮನ್ನು ಒಯ್ಯುವ ಈ ವಿಧಾನ ದೃಶ್ಯ ಕತ್ತರಿಸುವುದನ್ನು ಬಲ್ಲವನ ವಿಧಾನ. ಶೆಲ್ಡನ್ ಕಾದಂಬರಿಗಳನ್ನು ಕೈಯಿಂದ ಬರೆಯುತ್ತಿರಲಿಲ್ಲ, ಬಾಯಲ್ಲಿ ಹೇಳಿ ಬರೆಸುತ್ತಿದ್ದರು. ಆಮೇಲೆ ಕರಡನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು. ಆ ವಾಕ್ಯಗಳು ಕಿವಿಗೆ ಸಲೀಸಾಗಿರುವುದಕ್ಕೂ ಎರಡನೆಯ ಓದಿಗೆ ಹೆಚ್ಚೇನನ್ನೂ ಉಳಿಸಿಕೊಳ್ಳದಿರುವುದಕ್ಕೂ ಇದೇ ಕಾರಣವಿರಬಹುದೆಂದು ನನ್ನ ಊಹೆ. ಇದನ್ನು ಕೀಳು ಬರವಣಿಗೆ ಎಂದು ತಳ್ಳಿಹಾಕುವ ವಿಮರ್ಶಕರು ಮಾತ್ರ ನನಗೆ ಸೋಮಾರಿಗಳಾಗಿ ಕಾಣುತ್ತಾರೆ, ಏಕೆಂದರೆ ಓದುಗನನ್ನು ಪುಟ ತಿರುಗಿಸುವಂತೆ ಮಾಡುವುದು ವರ್ಷಗಟ್ಟಲೆ ದುಡಿದು ಕಲಿಯಬೇಕಾದ ವಿದ್ಯೆ.

ಇಂಥ ಪುಸ್ತಕಗಳನ್ನು ಟಿವಿ ಮರಳಿ ಕೊಂಡದ್ದರಲ್ಲಿ ಆಶ್ಚರ್ಯವೇನಿದೆ? 'ರೇಜ್ ಆಫ್ ಏಂಜೆಲ್ಸ್' 1983ರಲ್ಲಿ, 'ಮಾಸ್ಟರ್ ಆಫ್ ದಿ ಗೇಮ್' 1984ರಲ್ಲಿ ಕಿರುಧಾರಾವಾಹಿಗಳಾದವು. 1985ರಲ್ಲಿ ಅಚ್ಚಾದ 'ಇಫ್ ಟುಮಾರೊ ಕಮ್ಸ್' ಮರುವರ್ಷವೇ ತೆರೆಗೆ ಬಂತು. ತೆರೆಗೆ ಒಗ್ಗದ ಕಥೆಗಾಗಿ ಕಾದಂಬರಿಯನ್ನು ಆರಿಸಿಕೊಂಡವರು ತೆರೆಗೆ ಅತ್ಯಂತ ಸುಲಭವಾಗಿ ಒಗ್ಗುವ ಕಾದಂಬರಿಗಳನ್ನು ಬರೆದರು.

ಬರೆಯಲು ಒಳಗಿನ ಬದುಕು ಅವರಲ್ಲಿ ಇರಲಿಲ್ಲವೆಂದಲ್ಲ. 2005ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು, ಪ್ರಕಟಿಸಿದ ಆತ್ಮಕಥೆಯಲ್ಲಿ ಆರ್ಥಿಕ ಕುಸಿತದ ಕಾಲದ ಷಿಕಾಗೋ ಇದೆ, ಹದಿನೇಳನೆಯ ವಯಸ್ಸಿನಲ್ಲಿ ಜೀವ ಕಳೆದುಕೊಳ್ಳಲು ಹೊರಟವನನ್ನು ತಂದೆ ಮಾತನಾಡಿಸಿ ತಡೆದದ್ದಿದೆ, ಗೆದ್ದ ದಿನಗಳಲ್ಲೂ ಬಿಡದೆ ಕಾಡಿದ ಮನೋವ್ಯಾಧಿಯಿದೆ. ಅವರ ಜನಪ್ರಿಯ ಕಾದಂಬರಿಗಳ ಯಾವ ನಾಯಕ ನಾಯಕಿಯರಲ್ಲೂ ಆ ಹುಡುಗನಷ್ಟು ಗಾಢವಾದ ತಳಮಳ ನನಗೆ ಸಿಕ್ಕಿಲ್ಲ.