ಕ್ಯಾಪ್ಸ್ ಲಾಕ್ ಕೀಗೆ ಬೇರೆ ಕೆಲಸ ಕೊಡಿ

ಎಲ್ಲರಿಗೂ ನಮಸ್ಕಾರ. ನಿಮ್ಮ ಮುಂದಿರುವ ಕೀಬೋರ್ಡ್ ಮೇಲೆ ಕೈ ಇಡಿ. ಎಡಗೈ ಕಿರುಬೆರಳು ‘ಎ’ ಕೀ ಮೇಲಿದೆ, ಅದರ ಪಕ್ಕದಲ್ಲೇ, ಬೆರಳು ಒಂಚೂರು ಸರಿಸಿದರೆ ಸಿಗುವ ಜಾಗದಲ್ಲಿ ಕ್ಯಾಪ್ಸ್ ಲಾಕ್ ಇದೆ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಇಂಗ್ಲಿಷಿಗೂ ಶಿಫ್ಟ್ ಸಾಕು. ಇಷ್ಟು ಒಳ್ಳೆ ಜಾಗ ಸುಮ್ನೆ ದಂಡ, ಅಲ್ವಾ?

1981ರ ಮೊದಲ ಐಬಿಎಂ ಪಿಸಿಯಲ್ಲಿ ಆ ಜಾಗ ಕಂಟ್ರೋಲ್ ಕೀಯದಾಗಿತ್ತು. ಅದೇ ದಶಕದ ನಡುವೆ 101 ಕೀಗಳ ಕೀಬೋರ್ಡ್ ಬಂದಾಗ ಕಂಟ್ರೋಲ್ ಕೆಳಗಿನ ಮೂಲೆಗೆ ಹೋಯಿತು. ಇವತ್ತಿಗೂ ಹಾಗೇ ಇದೆ.

ಕೀ ಬದಲಿಸುವುದಕ್ಕೆ ಸ್ಕ್ರೂಡ್ರೈವರ್ ಬೇಡ. ಕೀ ಒತ್ತಿದಾಗ ಕೀಬೋರ್ಡ್ ಅಕ್ಷರ ಕಳಿಸುವುದಿಲ್ಲ, ಒಂದು ನಂಬರ್ ಕಳಿಸುತ್ತದೆ. ಅದನ್ನು ಏನೆಂದು ಓದಬೇಕು ಅಂತ ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್. ಅದಕ್ಕೇ ಇಂಗ್ಲಿಷಿನ ‘ಕೆ’ ಕೀ ಒತ್ತಿದರೆ ಕಗಪ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ‘ಕ’ ಬರುತ್ತದೆ, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ಕನ್ನಡ ಟೈಪ್ ಮಾಡುವ ನಾವು ಈ ಕೆಲಸವನ್ನು ದಿನಾ ಮಾಡುತ್ತಲೇ ಇದ್ದೇವೆ.

ಮೊದಲು, ಕ್ಯಾಪ್ಸ್ ಲಾಕನ್ನು ಮತ್ತೆ ಕಂಟ್ರೋಲ್ ಮಾಡುವುದು ನೋಡೋಣ. ವಿಂಡೋಸ್‌ನಲ್ಲಿ ಕ್ಯಾಪ್ಸ್ ಲಾಕಿನ ನಂಬರ್ 3ಎ, ಎಡಗಡೆಯ ಕಂಟ್ರೋಲಿನದು 1ಡಿ (ಕಂಪ್ಯೂಟರಿನ ಈ ಎಣಿಕೆಯಲ್ಲಿ ಅಕ್ಷರಗಳೂ ಅಂಕಿಗಳೇ). ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಕೀಬೋರ್ಡ್ ಲೇಔಟ್ ಅಂತ ಒಂದು ಜಾಗ ಇದೆ (ಹತ್ತಿರದಲ್ಲೇ ‘ಲೇಔಟ್ಸ್’ ಅಂತ ಇನ್ನೊಂದಿದೆ, ಅದನ್ನು ಮುಟ್ಟಬೇಡಿ), ಅಲ್ಲಿ ಸ್ಕ್ಯಾನ್‌ಕೋಡ್ ಮ್ಯಾಪ್ ಎಂಬ ಹೆಸರಿನಲ್ಲಿ ಬರೆಯುವ ಸಾಲಿನ ಜೀವಾಳ ಇಷ್ಟೇ: 1ಡಿ 00 3ಎ 00. ಮೊದಲು ಬರುವುದು ನಿಮಗೆ ಬೇಕಾದ ಕೀ, ಆಮೇಲಿನದು ನೀವು ಒತ್ತುವ ಕೀ. ಹಿಂದೆ ಮುಂದೆ ಇನ್ನಷ್ಟು ಸೊನ್ನೆಗಳು, ಒಂದು ಎಣಿಕೆ ಎಲ್ಲ ಇರಬೇಕು, ಅದನ್ನು ಕೈಯಾರೆ ಬರೆಯುವ ಬದಲು ಶಾರ್ಪ್‌ಕೀಸ್ ಎಂಬ ಪುಟ್ಟ ತಂತ್ರಾಂಶಕ್ಕೆ ಬಿಡಿ. ಆಮೇಲೆ ಒಮ್ಮೆ ರೀಸ್ಟಾರ್ಟ್. ಕಾಪಿ, ಪೇಸ್ಟ್, ಸೇವ್ ಎಲ್ಲಕ್ಕೂ ಬೆರಳು ಮಡಚುವುದು ತಪ್ಪುತ್ತದೆ. ಮೈಕ್ರೋಸಾಫ್ಟ್‌ನದೇ ತಂತ್ರಾಂಶ ಪವರ್‌ಟಾಯ್ಸ್ ಇನ್ನೂ ಸುಲಭ, ಆದರೆ ಅದು ಓಡುತ್ತಿರುವಷ್ಟು ಹೊತ್ತು ಮಾತ್ರ ಬದಲಾವಣೆ ಇರುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಆ ಕೀಯನ್ನು ಭಾಷೆ ಬದಲಿಸಲು ಇಟ್ಟುಕೊಳ್ಳುವುದು. ಒಂದು ವಾಕ್ಯ ಕನ್ನಡ, ನಡುವೆ ಒಂದು ಇಮೇಲ್ ವಿಳಾಸ, ಮತ್ತೆ ಕನ್ನಡ, ನಮ್ಮ ಬರವಣಿಗೆ ಇರುವುದೇ ಹೀಗೆ. ಪ್ರತಿ ಸಲ ಎರಡು ಕೀ ಜೊತೆಗೆ ಒತ್ತುವುದು ಯಾಕೆ? ಮ್ಯಾಕ್‌ನಲ್ಲಿ ಇದಕ್ಕೆ ಸೆಟ್ಟಿಂಗ್ಸ್ ಒಳಗೇ ಒಂದು ಟಿಕ್ ಇದೆ. ಲಿನಕ್ಸ್‌ನ ಕೆಡಿಇ ಎಂಬ ಡೆಸ್ಕ್‌ಟಾಪ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಇಂಗ್ಲಿಷ್ ಜೊತೆಗೆ ಕನ್ನಡದ ಕಗಪ ಲೇಔಟ್ ಸೇರಿಸಿ, ಲೇಔಟ್ ಬದಲಿಸುವ ಕೀ ಎಂದು ಕ್ಯಾಪ್ಸ್ ಲಾಕ್ ಆರಿಸಿ. ಲಿನಕ್ಸ್‌ನಲ್ಲೇ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಟೈಪ್ ಮಾಡುವವರಿಗೆ ಈ ದಾರಿ ಆಗುವುದಿಲ್ಲ, ಅದರ ಶಾರ್ಟ್‌ಕಟ್ ಅದರಲ್ಲೇ ಬೇರೆ ಇಡಬೇಕು.

ಒಂದು ಎಚ್ಚರಿಕೆ. ಸ್ಕ್ರೀನ್ ಲಾಕ್ ಆದಾಗ ಕೀಬೋರ್ಡ್ ಕನ್ನಡದಲ್ಲೇ ಉಳಿದಿರಬಹುದು. ಚುಕ್ಕಿಗಳಷ್ಟೇ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಪಾಸ್‌ವರ್ಡ್ ತಪ್ಪು ಅಂದರೆ ಗಾಬರಿಯಾಗಬೇಡಿ, ಮೊದಲು ಮೂಲೆಯಲ್ಲಿ ಯಾವ ಭಾಷೆ ಇದೆ ನೋಡಿ. ಸರಿ, ಲ್ಯಾಪ್‌ಟಾಪ್ ತಂದವರು ತೆರೆಯಿರಿ, ಈಗಲೇ ಮಾಡಿಬಿಡೋಣ.