ಎಣಿಸಿ ಕೊಟ್ಟ ದಿನಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಭಾನುವಾರ ಆರಾಧನೆ ಮುಗಿದ ಮೇಲೆ ಹುಬ್ಬಳ್ಳಿಯ ನಮ್ಮ ಚರ್ಚಿನ ಹಿಂದಿನ ಕೋಣೆಯಿಂದ ಒಂದು ಸದ್ದು ಬರುತ್ತದೆ. ಕಾಣಿಕೆ ಚೀಲವನ್ನು ಮೇಜಿನ ಮೇಲೆ ಸುರಿಯುವ ಸದ್ದು. ಹದಿನೈದು ವರ್ಷ ಆ ಚೀಲ ಸುರಿದು ಎಣಿಸಿದವರು ನನ್ನ ಗೆಳೆಯರೊಬ್ಬರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಇವತ್ತು ಅವರ ಬಗ್ಗೆ ನಾಲ್ಕು ಮಾತಾಡಬೇಕು ಅಂತ ಬಂದಿದ್ದೇನೆ.

ಅವರು ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. 1885ರಷ್ಟು ಹಳೆಯ ವರ್ಕ್‌ಶಾಪ್ ಅದು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಅವರ ಉಗುರಿನ ಅಂಚಿನ ಕಪ್ಪು ಹೋಗಿರಲಿಲ್ಲ. ಆ ಬೆರಳುಗಳಿಂದಲೇ ನಾಣ್ಯ ಜೋಡಿಸುತ್ತಿದ್ದರು. ಹತ್ತತ್ತರ ಗುಡ್ಡೆ. ಒಂದರದ್ದು ಬೇರೆ, ಐದರದ್ದು ಬೇರೆ. ನಾನು ಎದುರು ಕೂತು ಬರೆದುಕೊಳ್ಳುತ್ತಿದ್ದೆ. ಅವಸರ ಮಾಡಿದರೆ ಗುಡ್ಡೆ ಕೆಡವಿ ಮತ್ತೆ ಮೊದಲಿಂದ.

ಹರಿದ ನೋಟು ಬಂದರೆ ಅದನ್ನು ಬೇರೆ ಇಡುತ್ತಿದ್ದರು. ಮನೆಗೆ ಒಯ್ದು, ಅನ್ನದ ಅಗಳು ಹಿಸುಕಿ, ತೆಳ್ಳಗಿನ ಕಾಗದದ ಪಟ್ಟಿ ಹಚ್ಚಿ, ರಾತ್ರಿಯಿಡೀ ಬೈಬಲ್ಲಿನ ಕೆಳಗೆ ಒತ್ತಿಡುವುದು. ಸೋಮವಾರ ಬ್ಯಾಂಕಿಗೆ ಹೋಗಿ ಬದಲಿಸಿಕೊಂಡು ಬರುವುದು. ಹತ್ತು ರೂಪಾಯಿಗೆ ಇಷ್ಟೆಲ್ಲಾ ಯಾಕೆ ಅಂತ ಒಮ್ಮೆ ಕೇಳಿದೆ. “ಯಾವ ಮುದುಕಿ ಸೆರಗಿನ ಗಂಟು ಬಿಚ್ಚಿ ಹಾಕ್ಯಾಳೋ ಏನೋ. ಅದನ್ನ ಹೊರಗ ಒಗಿಯಾಕ ನಾವ್ಯಾರು?” ಅಂದರು.

ಬೈಬಲ್ಲಿನಲ್ಲಿ ಮೋಶೆಯ ಪ್ರಾರ್ಥನೆ ಅಂತ ಹೆಸರಿರುವ ತೊಂಬತ್ತನೆಯ ಕೀರ್ತನೆ ಇದೆ. ನಮ್ಮ ಆಯುಷ್ಯ ಎಪ್ಪತ್ತು ವರ್ಷ, ಬಲ ಇದ್ದರೆ ಎಂಬತ್ತು ಅನ್ನುತ್ತದೆ. ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಅಂತ ದೇವರನ್ನು ಬೇಡುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ. ಅಲ್ಲಿಂದ ಎಷ್ಟು ತಲೆಮಾರು ಇದನ್ನು ಕನ್ನಡದಲ್ಲಿ ಓದಿರಬಹುದು! ಆದರೆ ನಾವು ಇದನ್ನು ಜಾಸ್ತಿ ಓದುವುದು ಸಾವಿನ ಮನೆಯಲ್ಲಿ. ಗೆಳೆಯರಿಗೆ ಅದು ಸರಿ ಕಾಣುತ್ತಿರಲಿಲ್ಲ. “ಪೆಟ್ಟಿಗ್ಯಾಗ ಮಲಗಿದಾಂವ ಏನ್ ಎಣಸ್ತಾನ? ಹುಟ್ಟಿದ ಹಬ್ಬಕ್ಕ ಓದ್ರಿ ಇದನ್ನ” ಅನ್ನುತ್ತಿದ್ದರು. ನನ್ನ ಅರವತ್ತಕ್ಕೆ ಮನೆಗೆ ಬಂದು, ಪಾಯಸದ ಬಟ್ಟಲು ಪಕ್ಕಕ್ಕಿಟ್ಟು, ತಾವೇ ಓದಿದರು. ನನ್ನ ಹೆಂಡತಿಗೆ ಮೊದಲು ಗಾಬರಿಯಾಯಿತು. ಆಮೇಲೆ ಅವಳೂ ಕೂತು ಕೇಳಿದಳು.

ಅವತ್ತೇ ಹಳೆಯ ಲಗ್ನಪತ್ರಿಕೆಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಎಪ್ಪತ್ತು ವರ್ಷಕ್ಕೆ 25,550 ದಿನ. “ನಂದು ಇಪ್ಪತ್ತೈದು ಸಾವಿರ ದಾಟೇತಿ. ರೊಕ್ಕ ಎಣಿಸಿ ಪೆಟ್ಟಿಗ್ಯಾಗ ಇಡಬಹುದು. ದಿನಾ ಹಂಗ ಇಡಾಕ ಬರಂಗಿಲ್ಲ. ಎಣಿಸಿ ಕೊಟ್ಟುಬಿಡಬೇಕು” ಅಂದರು.

ಅವರು ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಪ್ರತಿ ಬುಧವಾರ ಎಣ್ಣೆ ಡಬ್ಬಿ, ಎರಡು ಪಾನಾ ಚೀಲಕ್ಕೆ ಹಾಕಿಕೊಂಡು ಸೈಕಲ್ ಮೇಲೆ ಒಂದು ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿನ ಗಾಲಿಕುರ್ಚಿಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿ, ಗಾಲಿಗೆ ಸುತ್ತಿದ ಕೂದಲು, ದಾರ ತೆಗೆದು, ಎಣ್ಣೆ ಬಿಡುವುದು. ಕೊನೆಗೆ ಬೆರಳಿನಿಂದ ಗಾಲಿ ತಿರುಗಿಸಿ ಕಿವಿಗೊಡುವುದು. ಸದ್ದಿಲ್ಲದೆ ತಿರುಗಿದರೆ ಮುಂದಿನ ಕುರ್ಚಿ. ಇಷ್ಟೇ. ಕುರ್ಚಿಯಲ್ಲಿ ಕೂರುವವರಿಗೆ ಇವರು ಯಾರು ಅಂತಲೂ ಗೊತ್ತಿರಲಿಲ್ಲ.

ಮಣ್ಣು ಮಾಡುವ ದಿನ ನಾನು ಬಹಳ ಅತ್ತೆ. ವಿಶ್ವಾಸಿಗಳು ಹೀಗೆ ಅಳಬಾರದು ಅಂತ ಯಾರೋ ಹೆಗಲು ಮುಟ್ಟಿ ಹೇಳಿದರು. ಅವರ ಮನಸ್ಸು ಒಳ್ಳೆಯದೇ, ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಥೆಸಲೋನಿಕ ಊರಿನ ವಿಶ್ವಾಸಿಗಳಿಗೆ ಅಪೊಸ್ತಲ ಪೌಲನು ಅಳಬೇಡಿ ಅಂತ ಬರೆಯಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂದ. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ? ಸ್ವತಃ ಯೇಸುವೇ ತನ್ನ ಗೆಳೆಯ ಲಾಜರನ ಸಮಾಧಿಯ ಹತ್ತಿರ ಕಣ್ಣೀರು ಹಾಕಿದ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯವನ್ನು ಈಗ ಮತ್ತೆ ಮತ್ತೆ ಓದುತ್ತಿದ್ದೇನೆ. ಕ್ರಿಸ್ತನು ಸತ್ತವರೊಳಗಿಂದ ಎದ್ದು ಬಂದ, ನಾವೂ ಏಳುತ್ತೇವೆ ಅಂತ ಪೌಲನು ಉದ್ದಕ್ಕೂ ವಾದ ಮಾಡುತ್ತಾನೆ. ಮರಣವನ್ನೇ ನಿನ್ನ ವಿಷದ ಕೊಂಡಿ ಎಲ್ಲಿ ಅಂತ ಕೇಳುತ್ತಾನೆ. ಅಷ್ಟೆಲ್ಲಾ ಆದ ಮೇಲೆ, 58ನೆಯ ವಚನದಲ್ಲಿ, ಇನ್ನು ಸುಮ್ನೆ ಕೂತು ಪರಲೋಕದ ದಾರಿ ನೋಡಿ ಅನ್ನುವುದಿಲ್ಲ. ಕರ್ತನಲ್ಲಿ ನೀವು ಪಡುವ ಶ್ರಮ ವ್ಯರ್ಥವಾಗುವುದಿಲ್ಲ, ಅವನ ಕೆಲಸ ಮಾಡುತ್ತಲೇ ಇರಿ ಅನ್ನುತ್ತಾನೆ. ಆ ಬುಧವಾರಗಳು ಮಣ್ಣಿಗೆ ಹೋಗಿಲ್ಲ ಅಂತ ನಾನು ನಂಬುತ್ತೇನೆ. ದೇವರ ಲೆಕ್ಕದಲ್ಲಿ ಅವು ಹಾಗೇ ಇವೆ.

ಅವರು ಹೋದ ಮುಂದಿನ ಭಾನುವಾರ ಚೀಲ ನನ್ನ ಕೈಗೆ ಬಂತು. ನಾಣ್ಯಗಳ ನಡುವೆ ಒಂದು ಹತ್ತರ ನೋಟು, ನಡುಮಧ್ಯೆ ಹರಿದದ್ದು. ಮನೆಗೆ ತಂದೆ. ಹೆಂಡತಿ ಒಂದು ಹಿಡಿ ಅನ್ನ ತಟ್ಟೆಯಲ್ಲಿಟ್ಟು, ಏನೂ ಕೇಳದೆ, ಕಾಗದದ ಪಟ್ಟಿ ಕತ್ತರಿಸಿ ಕೊಟ್ಟಳು. ಬೆಳಿಗ್ಗೆ ಬೈಬಲ್ ಎತ್ತಿ ನೋಡಿದೆ. ನೋಟು ಒಣಗಿತ್ತು. ಬ್ಯಾಂಕ್ ತೆರೆಯುವುದಕ್ಕೆ ಇನ್ನೂ ಎರಡು ತಾಸಿತ್ತು. ಸೈಕಲ್ ಒರೆಸುತ್ತಾ ಕೂತೆ.