ಎದುರು ಪಕ್ಷದವರು ನಾವು ಅಂದ್ಕೊಂಡಷ್ಟು ದೂರ ಇಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಜನಾಭಿಪ್ರಾಯ ಸಮೀಕ್ಷೆಗಳ ಬಗ್ಗೆ ಮಾತಾಡೋಣ ಅಂತ. ಚುನಾವಣೆಲಿ ಯಾರು ಗೆಲ್ತಾರೆ ಅಂತ ಹೇಳೋ ಸರ್ವೆ ಅಲ್ಲ, ಸಮಾಜ ಎಷ್ಟು ಒಡೆದಿದೆ, ಒಂದು ಪಕ್ಷದವರನ್ನ ಕಂಡ್ರೆ ಇನ್ನೊಂದು ಪಕ್ಷದವರಿಗೆ ಯಾಕೆ ಆಗಲ್ಲ ಅಂತ ಹುಡುಕೋ ಸರ್ವೆಗಳು. ಈ ವಿಷಯದಲ್ಲಿ ತುಂಬಾ ವರ್ಷದಿಂದ ಲೆಕ್ಕ ಇಟ್ಕೊಂಡು ಬಂದಿರೋದು ಅಮೆರಿಕದಲ್ಲಿ, ಹಾಗಾಗಿ ಉದಾಹರಣೆಗಳೆಲ್ಲ ಅಲ್ಲಿಂದಾನೇ ತಗೋತೀನಿ.

ಮನಸ್ಸಿನೊಳಗಿನ ಸಿಟ್ಟನ್ನ ಅಳೆಯೋದು ಹೇಗೆ? ಅಲ್ಲಿನ ಸಂಶೋಧಕರು ಒಂದು ಸರಳ ಪ್ರಶ್ನೆ ಕೇಳ್ತಾರೆ. ನಿಮ್ಮ ಹತ್ರ ಒಂದು ಥರ್ಮಾಮೀಟರ್ ಇದೆ ಅಂದ್ಕೊಳ್ಳಿ, ಈ ಪಕ್ಷದ ಮೇಲೆ ನಿಮ್ಮ ಭಾವನೆಗೆ 0 ಇಂದ 100ರೊಳಗೆ ಒಂದು ನಂಬರ್ ಕೊಡಿ, 50 ಅಂದ್ರೆ ಪ್ರೀತಿನೂ ಇಲ್ಲ ದ್ವೇಷನೂ ಇಲ್ಲ. ಎಪ್ಪತ್ತರ ದಶಕದ ಕೊನೆಲಿ ಎದುರು ಪಕ್ಷಕ್ಕೆ ಜನ ಕೊಡ್ತಿದ್ದ ನಂಬರ್ ಸರಾಸರಿ 50ಕ್ಕೆ ಸ್ವಲ್ಪ ಕಮ್ಮಿ ಇತ್ತು, 2020ರ ಹೊತ್ತಿಗೆ ಅದು 20ರ ಹತ್ರ ಬಂದ್ಬಿಡ್ತು. ಆದ್ರೆ ಸ್ವಂತ ಪಕ್ಷಕ್ಕೆ ಕೊಡೋ ನಂಬರ್ ಇದೆಯಲ್ಲ, ಅದೇನೂ ಏರ್ಲಿಲ್ಲ, ಹೆಚ್ಚುಕಮ್ಮಿ 70ರ ಆಸುಪಾಸಲ್ಲೇ ನಿಂತಿದೆ. ಅಂದ್ರೆ ಜನ ತಮ್ಮವರನ್ನ ಜಾಸ್ತಿ ಪ್ರೀತಿಸೋಕೆ ಶುರು ಮಾಡಿಲ್ಲ, ಎದುರಿನವರನ್ನ ಜಾಸ್ತಿ ದ್ವೇಷಿಸೋಕೆ ಶುರು ಮಾಡಿದಾರೆ. ನನಗೆ ಇದು ತುಂಬಾ ದುಃಖ ಕೊಡೋ ಅಂಕಿ.

ಇನ್ನೊಂದು ಪ್ರಶ್ನೆ ಮದುವೆದು. ನಿಮ್ಮ ಮಗನೋ ಮಗಳೋ ಬೇರೆ ಪಕ್ಷದವರನ್ನ ಮದುವೆ ಆದ್ರೆ ನಿಮಗೆ ಬೇಜಾರಾಗುತ್ತಾ ಅಂತ 1960ರಲ್ಲಿ ಕೇಳಿದಾಗ ಅಲ್ಲಿನ ಎರಡೂ ದೊಡ್ಡ ಪಕ್ಷದಲ್ಲಿ, ಅಂದ್ರೆ ರಿಪಬ್ಲಿಕನ್ ಮತ್ತೆ ಡೆಮಾಕ್ರಾಟಿಕ್ ಪಕ್ಷದಲ್ಲಿ, ನೂರಕ್ಕೆ ಐದು ಜನನೋ ಏನೋ ಹೌದು ಅಂದಿದ್ರು. 2010ರಲ್ಲಿ ಕೇಳಿದ್ರೆ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಡೆಮಾಕ್ರಾಟರಲ್ಲಿ ಮೂರನೇ ಒಂದು ಭಾಗ ಜನ ಹೌದು ಅಂದ್ರು. ರಾಜ್ಯಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ ಮತ್ತೆ ಅವರ ಜೊತೆಗಾರರು 2012ರಲ್ಲಿ ಇದನ್ನೆಲ್ಲ ಇಟ್ಕೊಂಡು ಹೇಳಿದ್ದು ಏನಂದ್ರೆ, ಜನ ದೂರ ಆಗ್ತಿರೋದು ನೀತಿಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ಅಂತಲ್ಲ, ಅದಕ್ಕಿಂತ ಜಾಸ್ತಿ ಭಾವನೆಲಿ ದೂರ ಆಗ್ತಿದಾರೆ ಅಂತ.

ಇದಕ್ಕೆಲ್ಲ ಇಂಟರ್ನೆಟ್ಟೇ ಕಾರಣ ಅಂತ ಹೇಳ್ಬಿಡೋದು ಸುಲಭ. ಆದ್ರೆ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಧ್ರುವೀಕರಣ, ಅಂದ್ರೆ ಎರಡು ಕಡೆಯವರು ಹೀಗೆ ದೂರ ಆಗೋದು, ಅತಿ ಜಾಸ್ತಿ ಏರಿದ್ದು ಇಂಟರ್ನೆಟ್ ಅತಿ ಕಮ್ಮಿ ಬಳಸೋ ವಯಸ್ಸಾದವರಲ್ಲಿ.

ಈಗ ನನಗೆ ಮುಖ್ಯ ಅನ್ಸೋ ಮಾತಿಗೆ ಬರ್ತೀನಿ. ನಾವು ದ್ವೇಷಿಸ್ತಿರೋ ಆ ಎದುರಿನವರು ಯಾರು, ನಿಜವಾದ ಜನಾನಾ ಅಥವಾ ನಮ್ಮ ತಲೆಯೊಳಗೆ ನಾವೇ ಮಾಡ್ಕೊಂಡಿರೋ ಚಿತ್ರಾನಾ? ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ ಅನ್ನೋ ಇಬ್ಬರು ಸಂಶೋಧಕರು 2018ರಲ್ಲಿ ಒಂದು ಲೆಕ್ಕ ಕೊಟ್ರು. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯೋರು ಎಷ್ಟಿರಬಹುದು ಅಂತ ಕೇಳಿದ್ರೆ ಜನರ ಊಹೆ ಸರಾಸರಿ ಶೇಕಡ 38, ನಿಜವಾಗಿ ಇರೋದು ಶೇಕಡ 2. ಡೆಮಾಕ್ರಾಟರಲ್ಲಿ ಸಲಿಂಗಿ, ದ್ವಿಲಿಂಗಿ ಸಮುದಾಯದವರು ಎಷ್ಟು ಅಂದ್ರೆ ಊಹೆ ಶೇಕಡ 32, ನಿಜ ಶೇಕಡ 6. ಇದು ಚಿಕ್ಕ ವ್ಯತ್ಯಾಸ ಅಲ್ಲ, ಒಂದು ಇಡೀ ಪಕ್ಷದ ಜನರನ್ನ ನಾವು ನೋಡ್ದೇ ಇರೋ ಒಂದು ಗುಂಪು ಅಂತ ಕಲ್ಪಿಸ್ಕೊಂಡು ಆ ಗುಂಪಿನ ಮೇಲೆ ಸಿಟ್ಟು ಮಾಡ್ಕೋತಿದೀವಿ.

ಮರು ವರ್ಷ, 2019ರಲ್ಲಿ, ಮೋರ್ ಇನ್ ಕಾಮನ್ ಅನ್ನೋ ಸಂಸ್ಥೆ ಇದನ್ನ ಅಭಿಪ್ರಾಯಗಳ ವಿಷಯದಲ್ಲೂ ಅಳೆದು ನೋಡ್ತು. ಬ್ರಿಟನ್ನಿನ ಸಂಸದೆ ಜೋ ಕಾಕ್ಸ್ ಅವರು 2016ರಲ್ಲಿ ಕೊಲೆಯಾದರಲ್ಲ, ಆ ನೋವಿನಿಂದ ಹುಟ್ಟಿದ ಸಂಸ್ಥೆ ಇದು. ಎದುರು ಪಕ್ಷದಲ್ಲಿ ಅತಿರೇಕದ ನಿಲುವು ಇರೋರು ಎಷ್ಟು ಅಂತ ಎರಡೂ ಕಡೆಯವರನ್ನ ಕೇಳಿದ್ರು, ಎರಡೂ ಕಡೆಯವರು ಸುಮಾರು ಶೇಕಡ 55 ಅಂದ್ರು, ನಿಜ ನೋಡಿದ್ರೆ ಅದು ಶೇಕಡ 30ರ ಹತ್ರ. ಇನ್ನೂ ಯೋಚನೆ ಮಾಡ್ಬೇಕಾದ್ದು ಏನಂದ್ರೆ, ಸುದ್ದಿ ಜಾಸ್ತಿ ನೋಡೋರ ಊಹೆ ಕಮ್ಮಿ ನೋಡೋರಿಗಿಂತ ಜಾಸ್ತಿ ತಪ್ಪಾಗಿತ್ತು, ಡೆಮಾಕ್ರಾಟರಲ್ಲಂತೂ ಓದು ಜಾಸ್ತಿ ಆದಷ್ಟೂ ತಪ್ಪು ಜಾಸ್ತಿ, ರಾಜಕೀಯದ ಗೊಡವೆನೇ ಬೇಡ ಅಂತ ಇರೋರು ನಿಜಕ್ಕೆ ಹತ್ರ ಇದ್ರು. ತಿಳ್ಕೊಂಡೋರು ಅಂತ ಅನ್ನಿಸ್ಕೊಂಡಿರೋ ನಾವೆಲ್ಲ ಇದನ್ನ ಗಂಭೀರವಾಗಿ ತಗೋಬೇಕು.

ಇದೇ ಸಂಸ್ಥೆ ಅದಕ್ಕೂ ಒಂದು ವರ್ಷ ಮುಂಚೆ ಸುಮಾರು 8,000 ಜನರ ಸರ್ವೆ ಮಾಡಿ ಅಮೆರಿಕನ್ನರನ್ನ ಏಳು ಗುಂಪಾಗಿ ವಿಂಗಡಿಸಿತ್ತು. ಎಡದ ತುದಿಲಿರೋ ಗುಂಪು ಶೇಕಡ 8, ಬಲದ ತುದಿಲಿರೋದು ಶೇಕಡ 6. ಮೂರನೇ ಎರಡು ಭಾಗ ಜನ ಈ ಜಗಳ ನೋಡಿ ನೋಡಿ ಸುಸ್ತಾಗಿರೋರು. ನಮಗೆ ಕೇಳ್ಸೋದು ಮಾತ್ರ ಆ ತುದಿಯವರ ದನಿ, ಯಾಕಂದ್ರೆ ಸುಸ್ತಾದೋರು ಬಾಯಿ ಬಿಡಲ್ಲ.

ಹಾಗಂತ ಒಡಕು ಬರೀ ಭ್ರಮೆ ಅಂತ ನಾನು ಹೇಳ್ತಿಲ್ಲ. ಅನ್ಯಾಯ ಆದೋರು ಸಿಟ್ಟಾಗಬೇಕು, ಪಕ್ಷಗಳಿಗೆ ಬೇರೆ ಬೇರೆ ನಿಲುವು ಇರಲೇಬೇಕು. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಒಂದು ಸಮಿತಿ ವರದಿ ಕೊಟ್ಟಿತ್ತು, ಅದರ ದೂರು ಏನು ಗೊತ್ತಾ, ಎರಡು ಪಕ್ಷಗಳ ನಡುವೆ ವ್ಯತ್ಯಾಸ ಸ್ಪಷ್ಟವಾಗಿಲ್ಲ, ಜನರಿಗೆ ಆಯ್ಕೆನೇ ಸರಿಯಾಗಿ ಸಿಕ್ತಿಲ್ಲ ಅಂತ! ಹಾಗಾಗಿ ಭಿನ್ನಾಭಿಪ್ರಾಯ ರೋಗ ಅಲ್ಲ. ಇಲ್ಲದ ಭಿನ್ನಾಭಿಪ್ರಾಯನ ಇದೆ ಅಂತ ನಂಬಿ ಮನುಷ್ಯರನ್ನ ದೂರ ಇಡೋದು, ಅದು ರೋಗ.

ಸರ್ವೆಯ ಉತ್ತರಗಳನ್ನೂ ಹಾಗೇ ನಂಬೋಕೆ ಆಗಲ್ಲ. 2017ರಲ್ಲಿ ಟ್ರಂಪ್ ಮತ್ತು ಒಬಾಮ ಇಬ್ಬರ ಪ್ರಮಾಣವಚನದ ದಿನದ ಫೋಟೋಗಳನ್ನ, ಹೆಸರು ಹಾಕ್ದೇನೇ, ಪಕ್ಕ ಪಕ್ಕ ಇಟ್ಟು ಯಾವುದರಲ್ಲಿ ಜನ ಜಾಸ್ತಿ ಇದಾರೆ ಅಂತ ಕೇಳಿದ್ರು. ಕಣ್ಣಿಗೆ ಕಾಣೋ ಹಾಗೇ ಒಬಾಮ ಫೋಟೋಲಿ ಜಾಸ್ತಿ ಜನ, ಆದ್ರೂ ಟ್ರಂಪ್‌ಗೆ ವೋಟು ಹಾಕಿದೋರಲ್ಲಿ ಶೇಕಡ 15 ಜನ ಕಮ್ಮಿ ಜನ ಇರೋ ಫೋಟೋನೇ ತೋರಿಸಿದ್ರು. ಅವರಿಗೆ ಕಾಣ್ಲಿಲ್ಲ ಅಂತಲ್ಲ, ತಮ್ಮ ಪಕ್ಷದ ಕಡೆ ನಿಂತ್ಕೊಳ್ಳೋಕೆ ಆ ಉತ್ತರ ಕೊಟ್ರು ಅನ್ನೋದು ಸಂಶೋಧಕರ ಅಭಿಪ್ರಾಯ, ನನಗೂ ಅದೇ ಸರಿ ಅನ್ಸುತ್ತೆ. ಅಂದ್ರೆ ಸರ್ವೆಲಿ ಕಾಣೋ ಒಡಕಲ್ಲಿ ಸ್ವಲ್ಪ ಭಾಗ ಬಾವುಟ ಹಿಡಿದ ಹಾಗೆ.

ಮುಖಾಮುಖಿ ಕೂತ್ರೆ ಏನಾಗುತ್ತೆ? 2019ರ ಸೆಪ್ಟೆಂಬರಲ್ಲಿ ಟೆಕ್ಸಸ್‌ನ ಡಲ್ಲಾಸ್ ಹತ್ರ ದೇಶದ ಎಲ್ಲ ಕಡೆಯಿಂದ ಸ್ಯಾಂಪಲ್ ತೆಗೆದು 500ಕ್ಕೂ ಹೆಚ್ಚು ಮತದಾರರನ್ನ ಕರೆಸಿ ಕೆಲವು ದಿನ ಚಿಕ್ಕ ಚಿಕ್ಕ ಗುಂಪಲ್ಲಿ ಕೂರಿಸಿ ವಲಸೆ, ಆರೋಗ್ಯ, ತೆರಿಗೆ ಇಂಥ ವಿಷಯ ಚರ್ಚೆ ಮಾಡ್ಸಿದ್ರು, ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಫಿಶ್ಕಿನ್ ಅವರ ವಿಧಾನ ಅದು. ಅತಿ ಜಾಸ್ತಿ ಜಗಳ ಇದ್ದ ಪ್ರಸ್ತಾಪಗಳಲ್ಲಿ ಹೆಚ್ಚಿನವುಗಳ ಮೇಲೆ ಎರಡೂ ಕಡೆಯವರು ಹತ್ರ ಬಂದ್ರು, ಪರಸ್ಪರ ಕೊಡೋ ಥರ್ಮಾಮೀಟರ್ ನಂಬರ್ ಕೂಡ ಏರ್ತು. ಆದ್ರೆ ಒಂದು ಎಚ್ಚರಿಕೆನೂ ಇದೆ. ಬೇರೆ ಪ್ರಯೋಗಗಳಲ್ಲಿ ದ್ವೇಷ ಕಮ್ಮಿ ಆದ್ರೂ, ಪ್ರಜಾಪ್ರಭುತ್ವದ ನಿಯಮ ಮುರಿಯೋ ನಾಯಕರಿಗೆ ಕೊಡೋ ಬೆಂಬಲ ತಾನಾಗೇ ಇಳಿದಿಲ್ಲ, ಅದು ಬೇರೆ ಸಮಸ್ಯೆ, ಅದಕ್ಕೆ ಬೇರೆ ಕೆಲಸ ಬೇಕು.

ಸಮೀಕ್ಷೆ ಮಾಡೋರ ಹತ್ರ, ಅದನ್ನ ಪ್ರಕಟಿಸೋ ಪತ್ರಿಕೆ, ಚಾನೆಲ್‌ಗಳ ಹತ್ರ ನನ್ನದೊಂದು ಬೇಡಿಕೆ ಇದೆ. ನಿಮ್ಮ ಅಭಿಪ್ರಾಯ ಏನು ಅಂತ ಕೇಳೋ ಪ್ರತಿ ಸಲನೂ ಎದುರಿನವರ ಅಭಿಪ್ರಾಯ ಏನಿರಬಹುದು ಅಂತಾನೂ ಕೇಳಿ, ಆಮೇಲೆ ಊಹೆ ಮತ್ತು ನಿಜ ಎರಡೂ ಅಂಕಿನ ಒಂದೇ ಕಡೆ, ಒಂದೇ ಸೈಜಲ್ಲಿ ಹಾಕಿ. ನಮಸ್ಕಾರ.